ಸರ್ವರ್ ಆಫೀಸ್‌ನ್ಯಾಗ ಇರ್ಲೋ, ಹೊರಗ ಇರ್ಲೋ? ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯೊಳಗ ಸಣ್ಣ ಆಫೀಸಿನ ಬ್ಯಾಕಪ್ ಬಗ್ಗೆ ನಾಕ್ ಸಾಲು ಬರದಿದ್ವಿ, ಅದಕ್ಕ ಬೆಳಗಾವಿ, ಬಾಗಲಕೋಟಿ, ವಿಜಯಪುರ ಮೂರೂ ಜಿಲ್ಲಾದಿಂದ ಪತ್ರ ಬಂದಾವ, ವಾಟ್ಸಾಪ್ ವಾಯ್ಸ್ ಮೆಸೇಜೂ ಬಂದಾವ. ಸಂಸ್ಥೆ ಹೆಸರು ಹಾಕಬ್ಯಾಡ್ರಿ ಅಂತ ಭಾಳ ಮಂದಿ ಹೇಳ್ಯಾರ, ಹಾಕಿಲ್ಲ. ಪ್ರಶ್ನೆ ಉದ್ದ ಇದ್ದಲ್ಲಿ ಕಡಿಮಿ ಮಾಡೇವಿ.

ಪ್ರಶ್ನೆ: ನಮ್ಮದು ಸಣ್ಣ ಪತ್ತಿನ ಸೌಹಾರ್ದ ರೀ, ಒಂದು ಹೆಡ್ ಆಫೀಸು, ಮೂರು ಬ್ರಾಂಚು. ಸರ್ವರ್ ಕ್ಯಾಶ್ ಕೌಂಟರ್ ಹಿಂದಿನ ರೂಮಿನ್ಯಾಗ ಐತಿ, ದಿನಾ ಸಂಜಿಗೆ ಕ್ಲರ್ಕ್ ಪೆನ್‌ಡ್ರೈವಿಗೆ ಬ್ಯಾಕಪ್ ತಗದು ತಿಜೋರಿ ಒಳಗ ಇಡ್ತಾನ. ಈಗ ಸಾಫ್ಟ್‌ವೇರ್ ಕಂಪನಿಯವ್ರು ಎಲ್ಲಾ ನಮ್ಮ ಕ್ಲೌಡಿಗೆ (ಇಂಟರ್ನೆಟ್ ಮ್ಯಾಲ ಇರೂ ಅವ್ರ ಸರ್ವರಿಗೆ) ತರ್ರಿ, ತಿಂಗಳಿಗೆ ಇಷ್ಟು ಕೊಡ್ರಿ, ಬ್ಯಾಕಪ್ ಚಿಂತಿ ನಮಗ ಬಿಡ್ರಿ ಅಂತಾರ. ಚೇರಮನ್ರು ಹೂಂ ಅಂದಾರ. ಒಬ್ರು ಡೈರೆಕ್ಟ್ರು ಮಾತ್ರ ಮೆಂಬರ್ ಡೇಟಾ ಪರರ ಕೈಯಾಗ ಯಾಕ ಕೊಡೂದು ಅಂತ ಹಟ ಹಿಡದಾರ. ಯಾರ ಮಾತು ಕೇಳೂದು? ಕಾರ್ಯದರ್ಶಿ, ಜಮಖಂಡಿ

ಉತ್ತರ: ಇಬ್ಬರ ಮಾತೂ ಅರ್ಧರ್ಧ ಖರೆ ಐತ್ರಿ. ಅದಕ್ಕಿಂತ ಮೊದಲ ಬೋರ್ಡ್ ಮೀಟಿಂಗ್‌ನ್ಯಾಗ ಎರಡು ಪ್ರಶ್ನೆ ಇಡ್ರಿ, ಅವಕ್ಕ ಉತ್ತರ ಸಿಗೂತನಕ ಯಾವ ಕಂಪನಿ ಕೊಟೇಶನ್ನೂ ಬಿಚ್ಚಬ್ಯಾಡ್ರಿ. ಸರ್ವರ್ ನಿಂತ್ರ ಕೌಂಟರ್ ಎಷ್ಟು ತಾಸು ಬಂದ್ ಇಟ್ಟು ಮೆಂಬರ್ ಮುಖಾ ನೋಡಬಹುದು? ಇನ್ನೊಂದು, ಎಷ್ಟು ದಿನದ ಎಂಟ್ರಿ ವೋಚರ್ ನೋಡಿ ಮತ್ತೊಮ್ಮೆ ಹೊಡಿಯೂದು ನಿಮ್ಮ ಸ್ಟಾಫ್‌ನಿಂದ ಆಗ್ತೈತಿ? ನಿಮ್ಮಂಥ ಸೌಹಾರ್ದದಾಗ ಪಿಗ್ಮಿ ಕಲೆಕ್ಷನ್ ಏಜೆಂಟರ ಮಷೀನಿನ್ಯಾಗೂ ಇರ್ತೈತಿ, ಅದನ್ನ ಮತ್ತ ಹಾಕ್ಬಹುದು, ಆದ್ರ ಬಂಗಾರದ ಸಾಲ, ಠೇವಣಿ ಬಡ್ಡಿ, ವಿಥ್‌ಡ್ರಾಲ್ ಇವು ಮೂರು ನಾಕ್ ದಿನದ್ದು ಹೋದ್ರ ಮೆಂಬರ್ ಜೋಡಿ ಜಗಳಕ್ಕ ಶುರು. ನನ್ನ ಅಂದಾಜಿಗೆ ನಿಮಗ ಅರ್ಧ ದಿನದ ಮ್ಯಾಲ ಬಂದ್ ನಡಿಯಂಗಿಲ್ಲ, ಒಂದು ದಿನದ ಮ್ಯಾಲ ಡೇಟಾ ಹೋಗಂಗಿಲ್ಲ. ಇದನ್ನ ಕಾಗದದ ಮ್ಯಾಲ ಬರ್ಕೋರಿ, ಮುಂದಿಂದೆಲ್ಲಾ ಇದರ ಮ್ಯಾಲ ನಿಂತೈತಿ.

ಈಗ ಇರೂ ವ್ಯವಸ್ಥಾ ಅಂತೂ ನಡಿಯಂಗಿಲ್ರಿ. ಸರ್ವರೂ ಪೆನ್‌ಡ್ರೈವೂ ಒಂದ ಮಾಳಗಿ ಕೆಳಗ ಅದಾವ, ಶಾರ್ಟ್ ಸರ್ಕಿಟ್ ಆದ್ರೂ ಕಳವಾದ್ರೂ ಎರಡೂ ಕೂಡೇ ಹೋಗ್ತಾವ. ಆಮ್ಯಾಗ ದಿನಾ ಅದ ಪೆನ್‌ಡ್ರೈವ್ ಮ್ಯಾಲ ಅದ ಹೆಸರಿನ ಫೈಲ್ ಬರದ್ರ, ಸೋಮವಾರ ಡೇಟಾಬೇಸ್ ಕೆಟ್ಟಿದ್ದು ಗುರುವಾರ ಗೊತ್ತಾದ್ರ ನಿಮ್ಮ ಕೈಯಾಗ ಇರೂದು ಬುಧವಾರದ ಕೆಟ್ಟ ಕಾಪಿ ಒಂದ. ಇನ್ನ ಆ ಪೆನ್‌ಡ್ರೈವಿಗೆ ಪಾಸ್‌ವರ್ಡ್ ಐತೇನು? ಮೆಂಬರ್ ಆಧಾರ್, ಪ್ಯಾನ್ ಎಲ್ಲಾ ಅದರಾಗ ಐತಿ, ಕ್ಲರ್ಕಿನ ಕಿಸೆದಾಗಿಂದ ಬಸ್ ಸ್ಟ್ಯಾಂಡಿನ್ಯಾಗ ಬಿದ್ರ ಏನ್ ಕತಿ? ಪರರ ಕೈಗೆ ಯಾಕ ಕೊಡೂದು ಅನ್ನೂ ಡೈರೆಕ್ಟ್ರಿಗೆ ಇದನ್ನೂ ಸ್ವಲ್ಪ ಕೇಳ್ರಿ.

ಕ್ಲೌಡಿಗೆ ಹೋದ್ರ ಹೆಸ್ಕಾಂ ಲೈಟ್ ಹೋದಾಗ ಸರ್ವರ್ ಬಂದ್ ಆಗೂ ಚಿಂತಿ ಇಲ್ಲ, ಯುಪಿಎಸ್ ಬ್ಯಾಟ್ರಿ ಬದಲಿ ಮಾಡೂ ಖರ್ಚಿಲ್ಲ, ಮೂರೂ ಬ್ರಾಂಚು ಒಂದ ಕಡಿ ಕೆಲಸ ಮಾಡ್ತಾವ. ಆದ್ರ ಆಗ ನಿಮ್ಮ ಜೀವ ಇಂಟರ್ನೆಟ್ ಲೈನಿನ್ಯಾಗ ಇರ್ತೈತಿ, ರಸ್ತಾ ಅಗಲ ಮಾಡೂ ಜೆಸಿಬಿ ಫೈಬರ್ ಕಿತ್ತಿದ್ರ ಹೆಡ್ ಆಫೀಸ್ ಕೌಂಟರ್ರೇ ನಿಂತಂಗ, ಅದಕ್ಕ ಪ್ರತಿ ಬ್ರಾಂಚಿಗೂ ಫೈಬರ್ ಒಂದು, ಬ್ಯಾರೆ ಕಂಪನಿಯ 4ಜಿ ಅಥವಾ 5ಜಿ ರೂಟರ್ ಒಂದು ಇರಾಕ ಬೇಕು. ಈ ಖರ್ಚು ಯಾವ ವೆಂಡರ್ ಕೊಟೇಶನ್ನಿನ್ಯಾಗೂ ಇರಂಗಿಲ್ಲ, ನೀವ ಕೂಡಸ್ಕೋಬೇಕು.

ಬ್ಯಾಕಪ್ ಚಿಂತಿ ನಮಗ ಬಿಡ್ರಿ ಅನ್ನೂ ಮಾತಿಗೆ ಮಾತ್ರ ಒಪ್ಪಬ್ಯಾಡ್ರಿ. 2024ರ ಜುಲೈ ಕೊನಿಗೆ ಏನಾತು ನೆನಪ್ ಮಾಡ್ಕೋರಿ. ಸಹಕಾರಿ ಬ್ಯಾಂಕು, ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಜ್ಞಾನ ಕೊಡೂ ಸಿ-ಎಡ್ಜ್ ಕಂಪನಿ ಮ್ಯಾಲ ರ‍್ಯಾನ್ಸಮ್‌ವೇರ್ (ಫೈಲಿಗೆ ಬೀಗ ಹಾಕಿ ರೊಕ್ಕ ಕೇಳೂ ವೈರಸ್) ದಾಳಿ ಆತು, ಯುಪಿಐ ನಡಸೂ ಎನ್‌ಪಿಸಿಐ ಆ ಕಂಪನಿ ಕನೆಕ್ಷನ್ ತಾತ್ಪೂರ್ತಿ ಕಡದು ಇಟ್ಟಿತು, ದೇಶದಾಗ ಸುಮಾರು 300 ಸಣ್ಣ ಬ್ಯಾಂಕಿನ ಗಿರಾಕಿಗೋಳಿಗೆ ಯುಪಿಐ, ಎಟಿಎಂ ಎಲ್ಲಾ ನಿಂತ್ವು. ಆ ಬ್ಯಾಂಕಿನ್ಯಾಗ ಭಾಳಷ್ಟು ತಮ್ಮ ಕಡಿ ಏನೂ ತಪ್ಪು ಮಾಡಿರಲಿಲ್ಲ. ಒಬ್ಬ ವೆಂಡರ್ ಕೈಯಾಗ ಸಾಫ್ಟ್‌ವೇರ್, ಸರ್ವರ್, ಬ್ಯಾಕಪ್ ಮೂರೂ ಇದ್ರ ಅವ್ರಿಗೆ ಆಗೂದೆಲ್ಲಾ ನಿಮಗೂ ಆಗ್ತೈತಿ.

ಅದಕ್ಕ ನನ್ನ ಸಲಹೆ ಹಿಂಗ: ಕ್ಲೌಡಿಗೆ ಹೋಗ್ರಿ, ಚೇರಮನ್ರ ಮಾತು ನಡೀಲಿ. ಆದ್ರ ಕರಾರಿನ್ಯಾಗ ಬರಸ್ರಿ, ದಿನಾ ರಾತ್ರಿ ಡೇಟಾಬೇಸಿನ ಪೂರ್ತಿ ಡಂಪ್ (ಎಲ್ಲಾ ಡೇಟಾದ ಕಾಪಿ) ನಿಮ್ಮ ಸ್ವಂತ ಸ್ಟೋರೇಜ್ ಅಕೌಂಟಿಗೆ ಬರಬೇಕು, ಆ ಅಕೌಂಟು ಸಂಘದ ಹೆಸರಿನ್ಯಾಗ ಇರಬೇಕು, ಅದರ ಪಾಸ್‌ವರ್ಡ್ ವೆಂಡರ್ ಕೈಯಾಗ ಇರಬಾರದು, ಅವ್ರಿಗೆ ಫೈಲ್ ಹಾಕೂ ಹಕ್ಕಷ್ಟ ಕೊಡ್ರಿ, ಅಳಸೂ ಹಕ್ಕು ಬ್ಯಾಡ. ನಾಳೆ ಬ್ಯಾರೆ ಸಾಫ್ಟ್‌ವೇರಿಗೆ ಹೋಗ್ತೀವಂದ್ರ ಡೇಟಾ ಯಾವ ಫಾರ್ಮ್ಯಾಟ್‌ನ್ಯಾಗ ಕೊಡ್ತೀರಿ, ಅದಕ್ಕ ಎಷ್ಟು ತಗೋತೀರಿ ಅಂತ ಇವತ್ತ ಕೇಳ್ರಿ, ಬಿಡೂ ಹೊತ್ತಿನ್ಯಾಗ ಕೇಳಿದ್ರ ರೇಟ್ ಬ್ಯಾರೇನೇ ಇರ್ತೈತಿ. ಇನ್ನೊಂದು, ಅವ್ರ ಸರ್ವರ್ ಯಾವ ಊರಾಗ, ಅವ್ರ ಬ್ಯಾಕಪ್ ಯಾವ ಊರಾಗ ಅಂತ ಕೇಳ್ರಿ. ಎರಡಕ್ಕೂ ಒಂದ ಊರಿನ ಒಂದ ಕಟ್ಟಡದ ಹೆಸರು ಬಂದ್ರ ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಕತಿ ಹೇಳ್ರಿ: 2021ರ ಮಾರ್ಚ್ 10ಕ್ಕ ಅಲ್ಲಿ ಓವಿಎಚ್ ಅನ್ನೂ ದೊಡ್ಡ ಹೋಸ್ಟಿಂಗ್ (ಸರ್ವರ್ ಬಾಡಿಗಿ ಕೊಡೂ) ಕಂಪನಿಯ ಡೇಟಾ ಸೆಂಟರ್ ಕಟ್ಟಡ ಒಂದು ಪೂರ್ತಿ ಸುಟ್ಟು ಹೋತು, ಬ್ಯಾಕಪ್‌ನೂ ಅದ ಜಾಗಾದಾಗ ಇಟ್ಟಿದ್ದ ಗಿರಾಕಿಗೋಳ ಡೇಟಾ ವಾಪಸ್ ಬರಲೇ ಇಲ್ಲ. ದೊಡ್ಡ ಕಂಪನಿ ಅಂದ ಕೂಡ್ಲೇ ಬೆಂಕಿ ಹತ್ತಂಗಿಲ್ಲ ಅಂತೇನಿಲ್ಲ.

ಪ್ರಶ್ನೆ: ಉದ್ಯಮಬಾಗದಾಗ ನಮ್ಮದು ಮಷೀನ್ ಶಾಪ್, ಪ್ರೈವೇಟ್ ಲಿಮಿಟೆಡ್. ಡ್ರಾಯಿಂಗು, ಸಿಎನ್‌ಸಿ ಪ್ರೋಗ್ರಾಮು ಎಲ್ಲಾ ಕೂಡಿ ಒಂದೂವರೆ ಟಿಬಿ ಆಗೈತಿ, ಒಂದು ನ್ಯಾಸ್ ಡಬ್ಬಿ (ಎಲ್ಲಾ ಕಂಪ್ಯೂಟರಿಗೂ ಫೈಲ್ ಕೊಡೂ ಡಿಸ್ಕ್ ಪೆಟ್ಟಿಗಿ) ತಂದು ರೇಡ್ (ಒಂದ ಡೇಟಾ ಎರಡು ಡಿಸ್ಕಿನ್ಯಾಗ ಬರಿಯೂದು) ಹಾಕಿ ಇಟ್ಟೇವಿ, ಒಂದು ಡಿಸ್ಕ್ ಹೋದ್ರೂ ನಡೀತೈತಿ. ಮತ್ತ ಕ್ಲೌಡ್ ಬ್ಯಾಕಪ್ ಬೇಕಾ? ಬೆಳಗಾವಿ

ಉತ್ತರ: ರೇಡ್ ಬ್ಯಾಕಪ್ ಅಲ್ರಿ. ಡಿಸ್ಕ್ ಸತ್ತಾಗ ಮಷೀನ್ ನಿಲ್ಲಬಾರದು ಅಂತ ಮಾಡಿದ್ದದು, ಹುಡುಗ ಯಾರೋ ಫೋಲ್ಡರ್ ಅಳಸಿದ್ರ ರೇಡ್ ಆ ಅಳಸಿದ್ದನ್ನೂ ಎರಡೂ ಡಿಸ್ಕಿನ್ಯಾಗ ಶಿಸ್ತಾಗಿ ಅಳಸ್ತೈತಿ. ವೈರಸ್ ಬಂದ್ರೂ ಅಷ್ಟ. 2022ರ ಜನವರಿಯಾಗ ಡೆಡ್‌ಬೋಲ್ಟ್ ಅನ್ನೂ ರ‍್ಯಾನ್ಸಮ್‌ವೇರ್ ಇಂಟರ್ನೆಟ್ಟಿಗೆ ತೆರದಿಟ್ಟಿದ್ದ ಕ್ಯೂನ್ಯಾಪ್ ಕಂಪನಿಯ ನ್ಯಾಸ್‌ಗೋಳಿಗೆ ನುಗ್ಗಿ ಫೈಲಿಗೆಲ್ಲಾ ಬೀಗ ಹಾಕಿ ಬಿಟ್‌ಕಾಯಿನ್ ಕೇಳಿತ್ತು. ಮನಿಯಿಂದ ಡ್ರಾಯಿಂಗ್ ನೋಡಾಕ ಬೇಕಂತ ರೂಟರಿನ್ಯಾಗ ಪೋರ್ಟ್ (ಹೊರಗಿಂದ ಒಳಗ ಬರೂ ಬಾಗಲಾ) ತೆರದಿದ್ರ ಇವತ್ತ ಮುಚ್ಚಿಸ್ರಿ, ವಿಪಿಎನ್ (ಹೊರಗಿಂದ ಒಳಗ ಬರಾಕ ಬೀಗ ಇರೂ ದಾರಿ) ಹಾಕಸ್ಕೋರಿ.

ಕ್ಲೌಡ್ ಬೇಕಾ ಅಂದ್ರ ಮೊದಲ ಲೆಕ್ಕಾ ಮಾಡ್ರಿ. ಬಿಲ್ಲಿನ್ಯಾಗ ಬರಿಯೂದು ಡೌನ್‌ಲೋಡ್ ಸ್ಪೀಡು, ಬ್ಯಾಕಪ್‌ಗೆ ಬೇಕಾದದ್ದು ಅಪ್‌ಲೋಡ್. ನಿಮಗ ಖರೇ ಖರೇ 20 ಎಂಬಿಪಿಎಸ್ ಅಪ್‌ಲೋಡ್ ಸಿಕ್ಕೈತಿ ಅನ್ಕೋರಿ, ಒಂದೂವರೆ ಟಿಬಿ ಹೋಗಾಕ ಸುಮಾರು 167 ತಾಸು, ಅಂದ್ರ ಲೈನ್ ಒಂದು ಮಿನಿಟೂ ಬಿಡದಂಗ ಏಳು ದಿನ. ಹಗಲೊತ್ತು ಆಫೀಸ್ ಕೆಲಸಕ್ಕ ಬಿಟ್ಟು ರಾತ್ರಿ ಅಷ್ಟ ಕಳಸಿದ್ರ ಎರಡು ಮೂರು ವಾರ. ವಾಪಸ್ ತರಾಕೂ ಟೈಮ್ ಹಿಡೀತೈತಿ, ಅಷ್ಟು ದಿನ ಮಷೀನ್ ಮುಂದ ಆಪರೇಟರ್ ಡ್ರಾಯಿಂಗ್ ಇಲ್ದ ಕೂಡಬೇಕು.

ನಿಮಗ ಬರೋಬ್ಬರಿ ಆಗೂದು ಬ್ಯಾರೆ ದಾರಿ. ಇನ್ನೊಂದು ನ್ಯಾಸ್ ತಗೊಂಡು ಶಾಪಿನ್ಯಾಗ ಇರೂ ನ್ಯಾಸ್ ಪಕ್ಕದಾಗ ಇಟ್ಟು ಮೊದಲನೇ ಪೂರ್ತಿ ಕಾಪಿ ಕೇಬಲ್ ಮ್ಯಾಲ ಮಾಡ್ರಿ, ಒಂದು ರಾತ್ರಿ ಕೆಲಸ, ಆಮ್ಯಾಗ ಅದನ್ನ ಟಿಳಕವಾಡಿಯೊಳಗೋ ಎಲ್ಲೋ ನಿಮ್ಮ ಮನಿಗೆ ಒಯ್ದು ಇಡ್ರಿ, ದಿನಾ ರಾತ್ರಿ ಬದಲಾದ ಫೈಲಷ್ಟ ವಿಪಿಎನ್ ಮ್ಯಾಲ ಹೋಗ್ಲಿ, ಹಳೇ ಆವೃತ್ತಿ ಒಂದ್ ತಿಂಗಳದ್ದಾದ್ರೂ ಉಳೀಲಿ. ಡೇಟಾ ಎನ್‌ಕ್ರಿಪ್ಟ್ (ಪಾಸ್‌ವರ್ಡ್ ಇಲ್ದ ಓದಾಕ ಬರದಂಗ) ಮಾಡಿ ಇಡ್ರಿ, ಮನಿ ಕಳವಿನ್ಯಾಗ ನಿಮ್ಮ ಗಿರಾಕಿ ಡ್ರಾಯಿಂಗ್ ಹೋಗಬಾರದು. ಎರಡೂ ಕಾಪಿ ಒಂದ ಊರಾಗ ಅದಾವ ಅಂತ ಮನಸಿನ್ಯಾಗ ಬರ್ತಿದ್ರ ಈಗಿನ ಆರ್ಡರಿನ ಡ್ರಾಯಿಂಗು ಮತ್ತ ಪ್ರೋಗ್ರಾಮು, ಅವು ನೂರಿನ್ನೂರು ಜಿಬಿ ಇರ್ಬಹುದು, ಅವಷ್ಟನ್ನ ಕ್ಲೌಡಿಗೂ ಹಾಕ್ರಿ.

ಲೆಕ್ಕಪತ್ರದ್ದು ಬ್ಯಾರೆ ವಿಷಯ. ನೀವು ಕಂಪನಿ ಆಗಿದ್ದಕ್ಕ 2014ರ ಕಂಪನಿ ಲೆಕ್ಕಪತ್ರ ನಿಯಮ ನಿಮಗ ಹತ್ತೈತಿ. 2022ರ ಆಗಸ್ಟ್ ತಿದ್ದುಪಡಿ ಆದ ಮ್ಯಾಲ ಕಂಪ್ಯೂಟರಿನ್ಯಾಗ ಇಡೂ ಲೆಕ್ಕದ ಬ್ಯಾಕಪ್ ಭಾರತದೊಳಗ ಇರೂ ಸರ್ವರಿನ್ಯಾಗ ದಿನಾ ಇರಬೇಕು, ಮೊದಲಿನಂಗ ಆಗಾಗ ತಗದ್ರ ನಡಿಯಂಗಿಲ್ಲ. ಆಡಿಟರ್ ಕೇಳ್ತಾರ. ಟ್ಯಾಲಿ ಡೇಟಾ ಸಣ್ಣದಿರ್ತೈತಿ, ಕ್ಲೌಡಿಗೆ ಅದು ಭಾರ ಅಲ್ಲ, ಮುಂಬೈ ಅಥವಾ ಹೈದರಾಬಾದ್ ರೀಜನ್ (ಕ್ಲೌಡ್ ಕಂಪನಿ ಸರ್ವರ್ ಇರೂ ಜಾಗಾ) ಆರಿಸ್ಕೊಂಡ್ರ ಆತು.

ಪ್ರಶ್ನೆ: ಟ್ಯಾಲಿ ಫೋಲ್ಡರ್ ಗೂಗಲ್ ಡ್ರೈವ್‌ನ್ಯಾಗ ಸಿಂಕ್ ಇಟ್ಟೀನಿ, ಅಷ್ಟು ಸಾಕಲ್ರಿ? ಸೀರಿ ಅಂಗಡಿ, ಇಳಕಲ್ಲ

ಉತ್ತರ: ಸಾಲೂದಿಲ್ರಿ. ಸಿಂಕ್ ಅಂದ್ರ ಇಲ್ಲಿ ಆದದ್ದು ಅಲ್ಲೂ ಆಗೂದು, ಇಲ್ಲಿ ಫೈಲ್ ಕೆಟ್ರ ಅಲ್ಲೂ ಕೆಡ್ತೈತಿ. ಅಳಸಿದ ಫೈಲು ಗೂಗಲ್ ಡ್ರೈವ್ ಟ್ರ್ಯಾಶ್‌ನ್ಯಾಗ 30 ದಿನ ಇದ್ದು ಆಮ್ಯಾಗ ಹೋಗೇ ಬಿಡ್ತೈತಿ, ದೀಪಾವಳಿ ಸೀಸನ್ನಿನ್ಯಾಗ ಅಳಿಸಿದ್ದು ಮಾರ್ಚ್ ಎಂಡಿಂಗಿಗೆ ಗೊತ್ತಾದ್ರ ಏನು ಮಾಡ್ತೀರಿ? ಟ್ಯಾಲಿ ತೆರದಿದ್ದಾಗ ಸಿಂಕ್ ನಡದ್ರ ಅರ್ಧಂಬರ್ಧ ಫೈಲ್ ಹೋಗೂ ಸಾಧ್ಯತಾನೂ ಐತಿ. ಅಂಗಡಿ ಮುಚ್ಚೂಮುಂದ ಟ್ಯಾಲಿ ಒಳಗಿನ ಬ್ಯಾಕಪ್ ಆಪ್ಷನ್‌ನಿಂದ ತಗೀರಿ, ತಾರೀಖಿನ ಹೆಸರಿನ ಫೋಲ್ಡರಿನ್ಯಾಗ ಇಡ್ರಿ, ಆ ಫೋಲ್ಡರ್ ಡ್ರೈವಿಗೆ ಹೋಗ್ಲಿ. ತಿಂಗಳಿಗೊಂದು ಕಾಪಿ ಹಾರ್ಡ್ ಡಿಸ್ಕಿಗೆ ಹಾಕಿ ಡಿಸ್ಕ್ ಮನಿಯೊಳಗ ಇಡ್ರಿ. ನಿಮಗ ಸರ್ವರೂ ಬ್ಯಾಡ, ಹೋಸ್ಟಿಂಗೂ ಬ್ಯಾಡ.

ಪ್ರಶ್ನೆ: ನಮ್ಮ ವಿದ್ಯಾವರ್ಧಕ ಸಂಘದ್ದು ಹೈಸ್ಕೂಲು, ಪಿಯು, ಡಿಗ್ರಿ ಮೂರೂ ಅದಾವ. ವೆಬ್‌ಸೈಟ್ ಮಾಡಿದ ಹುಡುಗ ಬೆಂಗಳೂರಿಗೆ ಹೋದ, ಫೋನ್ ಎತ್ತವಲ್ಲ. ಹೋಸ್ಟಿಂಗ್ ಮೊದಲನೇ ವರ್ಷ ಭಾಳ ಸೋವಿ ಇತ್ತು, ಈಗ ರಿನ್ಯೂವಲ್‌ಗೆ ಮೂರು ಪಟ್ಟು ಕೇಳ್ತಾರ. ಅಡ್ಮಿಶನ್ ಲಿಸ್ಟ್ ಹಾಕಿದ ದಿನ ಸೈಟ್ ತೆರಿಯೂದಿಲ್ಲ. ದೊಡ್ಡ ಸರ್ವರ್ ತಗೋಬೇಕಾ? ವಿಜಯಪುರ

ಉತ್ತರ: ಸರ್ವರ್ ಮಾತು ಆಮ್ಯಾಗ. ಡೊಮೇನ್ (ವೆಬ್‌ಸೈಟಿನ ವಿಳಾಸ) ಯಾರ ಹೆಸರಿನ್ಯಾಗ ಐತಿ? ಆ ಹುಡುಗನ ಇಮೇಲ್ ಮ್ಯಾಲ ಇದ್ರ ನಿಮ್ಮ ಸಂಘದ ಬೋರ್ಡು ಅವನ ಹೆಸರಿನ ಗೋಡಿ ಮ್ಯಾಲ ನೇತು ಹಾಕಿದಂಗ. ಡೊಮೇನ್ ಮಾರಿದ ರಜಿಸ್ಟ್ರಾರ್ ಕಂಪನಿಗೆ ಸಂಘದ ಲೆಟರ್‌ಹೆಡ್, ನೋಂದಣಿ ಪತ್ರ, ಹಳೇ ಬಿಲ್ಲು ಕೂಡಿಸಿ ಬರೀರಿ, ಹುಡುಗನ ಮನಿಯವ್ರ ಮೂಲಕ ಸಮಾಧಾನದಿಂದ ಆಥ್ ಕೋಡ್ (ಡೊಮೇನ್ ಬ್ಯಾರೆ ಕಡಿ ಒಯ್ಯಾಕ ಬೇಕಾದ ಗುಟ್ಟಿನ ಕೋಡ್) ಇಸ್ಕೋರಿ, ಜಗಳ ಬ್ಯಾಡ, ಅವಗೂ ಸಂಬಳ ಬಾಕಿ ಉಳದಿದ್ರ ಕೊಟ್ಟು ಬಿಡ್ರಿ. ಡೊಮೇನ್ ಸಂಘದ ಹೆಸರಿಗೆ, ಸಂಘದ ಇಮೇಲಿಗೆ ಬರೂತನಕ ಹೋಸ್ಟಿಂಗ್ ಬದಲಿ ಮಾಡಬ್ಯಾಡ್ರಿ. ಡಿಗ್ರಿ ಕಾಲೇಜಿಗೆ ಎಸಿ ಡಾಟ್ ಇನ್ (.ac.in) ಡೊಮೇನ್ ಬೇಕಂದ್ರ ಅದನ್ನ ಕೊಡೂದು ಕೇಂದ್ರ ಸರ್ಕಾರದ ಎರ್ನೆಟ್ ಇಂಡಿಯಾ ಸಂಸ್ಥೆ ಒಂದ, ಸಂಸ್ಥೆ ದಾಖಲಾತಿ ಕೊಟ್ಟು ನೇರ ಅವ್ರ ಕಡಿಂದ ತಗೋಬಹುದು.

ಅನ್‌ಲಿಮಿಟೆಡ್ ಅಂತ ಬರದ ಹೋಸ್ಟಿಂಗಿನ್ಯಾಗ ಲಿಮಿಟ್ ಇರ್ತಾವ್ರಿ, ಸಿಪಿಯುಗೂ ಇರ್ತೈತಿ, ಫೈಲಿನ ಎಣಿಕಿಗೂ ಇರ್ತೈತಿ, ಶರತ್ತು ಸಣ್ಣ ಅಕ್ಷರದಾಗ ಕೆಳಗ ಇರ್ತಾವ. ಒಂದ ಮಷೀನಿನ್ಯಾಗ ನೂರಾರು ಸೈಟ್ ಇದ್ದಲ್ಲಿ ಸಾವಿರ ಹುಡುಗ್ರು ಒಂದ ತಾಸಿನ್ಯಾಗ ಲಿಸ್ಟ್ ನೋಡಾಕ ಬಂದ್ರ ಕಟ್ ಮಾಡ್ತಾರ. ಆದ್ರ ವರ್ಷಕ್ಕ ನಾಕ್ ದಿನದ ಗದ್ದಲಕ್ಕ ವರ್ಷಾನುಗಟ್ಟಲೆ ದೊಡ್ಡ ಸರ್ವರ್ ಬಾಡಿಗಿ ಕಟ್ಟೂದು ಬ್ಯಾಡ. ಲಿಸ್ಟನ್ನ ಡೇಟಾಬೇಸಿನಿಂದ ಹುಡುಕಿ ತೋರಸೂ ಪೇಜ್ ತಗದು ಸಾದಾ ಪಿಡಿಎಫ್ ಹಾಕ್ರಿ, ಸೈಟಿನ ಮುಂದ ಕ್ಲೌಡ್‌ಫ್ಲೇರ್‌ನಂಥ ಸಿಡಿಎನ್‌ನ (ಪೇಜಿನ ಕಾಪಿ ತನ್ನ ಸರ್ವರಿನಿಂದ ಹಂಚೂ ಸೇವಾ) ಫುಕಟ್ ಪ್ಲ್ಯಾನ್ ಹಾಕ್ರಿ, ಅಷ್ಟಕ್ಕ ನಿಮ್ಮ ತ್ರಾಸು ಮುಕ್ಕಾಲು ಪಾಲು ಕಡಿಮಿ ಆಗ್ತೈತಿ. ಇಮೇಲ್ ಮಾತ್ರ ಆ ಸೋವಿ ಹೋಸ್ಟಿಂಗಿನ್ಯಾಗ ಇಡಬ್ಯಾಡ್ರಿ, ಶಿಕ್ಷಣ ಸಂಸ್ಥೆಗೋಳಿಗೆ ಗೂಗಲ್‌ನ ಎಜುಕೇಶನ್ ಫಂಡಮೆಂಟಲ್ಸ್ ಅರ್ಹತಾ ಇದ್ರ ಫ್ರೀ ಸಿಗ್ತೈತಿ. ಹೋಸ್ಟಿಂಗ್ ನೋಡ್ಕೊಳ್ಳೂ ಪೇಜ್ ಆದ ಸಿಪ್ಯಾನಲ್‌ನ್ಯಾಗ ಬ್ಯಾಕಪ್ ಬಟನ್ ಒತ್ತಿದ್ರ ಫೈಲ್ ಅದ ಅಕೌಂಟಿನ್ಯಾಗ ಕೂಡ್ತೈತಿ, ಅದನ್ನ ಡೌನ್‌ಲೋಡ್ ಮಾಡಿ ಆಫೀಸಿಗೆ ತರೂದು ಮರೀಬ್ಯಾಡ್ರಿ. ಫೀ, ಮಾರ್ಕ್ಸ್ ಇರೂ ಸಾಫ್ಟ್‌ವೇರ್ ಇದ ಹೋಸ್ಟಿಂಗಿನ್ಯಾಗ ಇದ್ರ ಅದನ್ನ ಬ್ಯಾರೆ, ನಿಮಗಷ್ಟ ಇರೂ ಬಾಡಿಗಿ ಸರ್ವರ್ ಅಂದ್ರ ವಿಪಿಎಸ್‌ಗೆ ಸರಿಸ್ರಿ, ವೆಬ್‌ಸೈಟಿಗೆ ಯಾರರ ನುಗ್ಗಿದ್ರ ಮಾರ್ಕ್ಸ್ ತನಕ ಹೋಗಬಾರದು.

ಪ್ರಶ್ನೆ: ಗೋಕಾಕದಾಗ ನಮ್ಮ ನರ್ಸಿಂಗ್ ಹೋಮ್ ಐತಿ. 2019ರ ಮಹಾಪೂರ ನೋಡಿದ ಮ್ಯಾಲ ಸರ್ವರ್ ಎರಡನೇ ಮಾಳಗಿಗೆ ಏರಿಸೇವಿ, ಒಂದು ಕಾಪಿ ಮುಧೋಳದ ನಮ್ಮ ತಮ್ಮನ ಕ್ಲಿನಿಕ್ಕಿನ್ಯಾಗ ಇಡ್ತೀವಿ. ಸ್ಕ್ಯಾನ್ ಇಮೇಜ್ ವರ್ಷಾವರ್ಷ ಬೆಳಿಯಾಕ ಹತ್ಯಾವ, ಒಬ್ಬಾಂವ ಗ್ಲೇಶಿಯರ್ (ಹಳೇ ಫೈಲ್ ಇಡೂ ಅಮೆಜಾನ್‌ನ ಕ್ಲೌಡ್ ಸ್ಟೋರೇಜ್) ಭಾಳ ಸೋವಿ ಅಂತ ಹೇಳ್ಯಾನ. ಡಾಕ್ಟರೊಬ್ಬರು

ಉತ್ತರ: ಡಾಕ್ಟರ್ ಸಾಹೇಬ್ರ, ಮುಧೋಳಕ್ಕ ಹರದು ಹೋಗೂದೂ ಅದ ಘಟಪ್ರಭಾ ಅಲ್ರಿ. 2019ರ ಆಗಸ್ಟಿನ್ಯಾಗ ನಿಮ್ಮೂರಿಗೆ ನೀರು ಹೊಕ್ಕಾಗ ಆ ಕಡಿನೂ ನೀರು ಹೊಕ್ಕಿತ್ತು. ಕಾಪಿ ಇಡೂ ಜಾಗಾ ಆರಿಸೂಮುಂದ ಕಿಲೋಮೀಟರ್ ನೋಡಬ್ಯಾಡ್ರಿ, ನದಿ ಯಾವುದು, ಲೈಟ್ ಲೈನ್ ಯಾವುದು ನೋಡ್ರಿ. ಹುಬ್ಬಳ್ಳಿಯೋ ವಿಜಯಪುರವೋ ಆಗ್ಲಿ, ಇಲ್ಲಾ ನೇರ ಕ್ಲೌಡಿಗೆ.

ಗ್ಲೇಶಿಯರ್ ಸೋವಿ ಖರೆ, ಅದರ ಶರತ್ತು ಓದ್ರಿ. ಅಮೆಜಾನ್‌ನ ಡೀಪ್ ಆರ್ಕೈವ್ ದರ್ಜಿಯೊಳಗ ಇಟ್ಟ ಫೈಲಿಗೆ ಕಡಿಮಿ ಅಂದ್ರ 180 ದಿನದ ಬಾಡಿಗಿ ಹಿಡೀತಾರ, ಮೊದಲ ಅಳಸಿದ್ರೂ ಅಷ್ಟ. ವಾಪಸ್ ಕೇಳಿದ್ರ ಸಾದಾ ರೀತಿಯೊಳಗ 12 ತಾಸಿನ ತನಕ, ಸೋವಿ ರೀತಿಯೊಳಗ 48 ತಾಸಿನ ತನಕ ಕಾಯಬೇಕು, ಮ್ಯಾಲ ತಗಿಯೂ ಚಾರ್ಜು, ಇಂಟರ್ನೆಟ್ ಮ್ಯಾಲ ಇಳಿಸ್ಕೊಳ್ಳೂ ಚಾರ್ಜು ಬ್ಯಾರೆ ಬ್ಯಾರೆ. ಮೂರು ವರ್ಷದ ಹಿಂದಿನ ಸಿಟಿ ಸ್ಕ್ಯಾನಿಗೆ ಇದು ಛಲೋ. ಇವತ್ತಿನ ಪೇಶಂಟ್ ರಿಪೋರ್ಟು, ಬಿಲ್ಲಿಂಗು, ಫಾರ್ಮಸಿ ಸ್ಟಾಕು ಇವನ್ನ ಅಲ್ಲಿ ಹಾಕಿದ್ರ ಎಮರ್ಜೆನ್ಸಿಯೊಳಗ ಕೈ ಕಟ್ಕೊಂಡು ಕೂಡಬೇಕಾಗ್ತೈತಿ. ಅದಕ್ಕ ಎರಡು ಭಾಗ ಮಾಡ್ರಿ, ಡೇಟಾಬೇಸು ಸಣ್ಣದು, ಅದು ತಾಸಿಗೊಮ್ಮೆ ಸಾದಾ ಸ್ಟೋರೇಜಿಗೆ ಹೋಗ್ಲಿ, ಹಳೇ ಇಮೇಜ್ ತಿಂಗಳಿಗೊಮ್ಮೆ ಆರ್ಕೈವಿಗೆ ಹೋಗ್ಲಿ.

ದಿಲ್ಲಿ ಏಮ್ಸ್ ಸುದ್ದಿ ನಿಮಗ ಗೊತ್ತಿರಬೇಕು. 2022ರ ನವೆಂಬರ್ 23ಕ್ಕ ಸರ್ವರಿಗೆ ದಾಳಿ ಆಗಿ ಅಷ್ಟು ದೊಡ್ಡ ಆಸ್ಪತ್ರೆ ಎರಡು ವಾರದ ಹತ್ತಿರ ಚೀಟಿ, ರಿಪೋರ್ಟು ಎಲ್ಲಾ ಕೈಲೇ ಬರದು ನಡಸಿತು. ಇ-ಹಾಸ್ಪಿಟಲ್ ಅನ್ನೂ ಆಸ್ಪತ್ರೆ ಸಾಫ್ಟ್‌ವೇರಿನ ಡೇಟಾ ಕಡಿಗೂ ವಾಪಸ್ ಬಂತು, ಯಾಕಂದ್ರ ದಾಳಿ ಮುಟ್ಟಲಾರದ ಒಂದು ಬ್ಯಾಕಪ್ ಸರ್ವರ್ ಉಳದಿತ್ತು. ನಿಮ್ಮಲ್ಲಿ ಅಂಥಾದ್ದು ಆದ್ರ, 2022ರ ಏಪ್ರಿಲ್ 28ರ ಸೆರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) ಆದೇಶದ ಪ್ರಕಾರ ಗೊತ್ತಾದ 6 ತಾಸಿನೊಳಗ ಅವ್ರಿಗೆ ತಿಳಸಬೇಕು, ಇಮೇಲ್ ವಿಳಾಸ ರಿಸೆಪ್ಷನ್ ಗ್ವಾಡಿಗೆ ಹಚ್ಚಿ ಇಡ್ರಿ. ಕಂಪ್ಯೂಟರ್ ಇಲ್ಲದಾಗ ಬರಿಯಾಕ ಛಾಪಿಸಿದ ಖಾಲಿ ಫಾರ್ಮಿನ ಗಡ್ಡಿನೂ ಒಂದು ಇರ್ಲಿ.

ಪ್ರಶ್ನೆ: ನಾನು ಅಥಣಿ ಭಾಗದಾಗ ಸಣ್ಣ ಸಣ್ಣ ಸಂಘ, ಅಡತಿ ಅಂಗಡಿ ಇವರ ಕಂಪ್ಯೂಟರ್ ನೋಡ್ಕೋತೀನಿ. ಎಲ್ಲಾ ಕಡಿ ವಿಂಡೋಸ್ ಸರ್ವರ್, ಮೈಕ್ರೋಸಾಫ್ಟ್‌ನ ಫ್ರೀ ಡೇಟಾಬೇಸ್ ಎಸ್‌ಕ್ಯೂಎಲ್ ಎಕ್ಸ್‌ಪ್ರೆಸ್. ರ‍್ಯಾನ್ಸಮ್‌ವೇರ್ ಬಂದ್ರೂ ಉಳಿಯೂ ಬ್ಯಾಕಪ್ ಹೆಂಗ ಮಾಡೂದು? ರೊಕ್ಕ ಯಾರೂ ಬಿಚ್ಚಂಗಿಲ್ಲ ಅಣ್ಣಾ.

ಉತ್ತರ: ತಮ್ಮಾ, ಮೊದಲ ಬಾಗಲಾ ಹಾಕು. ಮನ್ಯಾಗ ಕುಂತ ನೋಡಾಕ ಬರ್ಲಿ ಅಂತ ರೂಟರಿನ್ಯಾಗ 3389 ನಂಬರಿನ ಪೋರ್ಟ್ ತೆರದಿಟ್ಟಿದ್ದಿ ಅಲಾ, ರಿಮೋಟ್ ಡೆಸ್ಕ್‌ಟಾಪ್ ಹಂಗ ಬಯಲಿಗೆ ಇಟ್ಟಲ್ಲೇ ಕಳ್ಳರು ಭಾಳ ಹೊಗತಾರ. ವಿಪಿಎನ್ ಒಳಗಿಂದ ಅಷ್ಟ ಬಾ.

ಎಕ್ಸ್‌ಪ್ರೆಸ್‌ನ್ಯಾಗ ಎಸ್‌ಕ್ಯೂಎಲ್ ಏಜೆಂಟ್ (ಟೈಮಿಗೆ ಸರಿಯಾಗಿ ಕೆಲಸ ಓಡಸೂ ಭಾಗ) ಇರಂಗಿಲ್ಲ, ಹಂಗಾಗಿ ಬ್ಯಾಕಪ್ ಜಾಬ್ ಹಾಕೀನಿ ಅಂತ ಹೇಳಿ ಹೋದವ್ರ ಜಾಬ್ ಎಂದೂ ಓಡಿರಂಗಿಲ್ಲ. ಟಾಸ್ಕ್ ಶೆಡ್ಯೂಲರಿನಿಂದ ಎಸ್‌ಕ್ಯೂಎಲ್‌ಸಿಎಂಡಿ ಓಡಿಸಿ ಡೇಟಾಬೇಸಿನ ಸ್ವಂತ ಬ್ಯಾಕಪ್ ಫೈಲ್ ತಗಿ, ನಡಕೋತ ಇದ್ದ ಡೇಟಾಬೇಸಿನ ಎಂಡಿಎಫ್ ಫೈಲ್ ನೇರ ಕಾಪಿ ಹೊಡಿಬ್ಯಾಡ, ಅದು ತೆರಿಯೂದ ಖಾತ್ರಿ ಇಲ್ಲ. ಆ ಫೈಲನ್ನ ಬ್ಯಾಕಪ್ ಸಾಫ್ಟ್‌ವೇರ್ ರೆಸ್ಟಿಕ್‌ನಿಂದ ಎನ್‌ಕ್ರಿಪ್ಟ್ ಮಾಡಿ ಹೊರಗ ಕಳಸು, ರೆಸ್ಟಿಕ್ ಫುಕಟ್ ಐತಿ, ವಿಂಡೋಸಿನ್ಯಾಗೂ ನಡೀತೈತಿ, ಬದಲಾದ ಭಾಗ ಅಷ್ಟ ಕಳಸ್ತೈತಿ. ಪೂರ್ತಿ ಮಷೀನಿನ ಇಮೇಜ್ (ವಿಂಡೋಸ್ ಕೂಡಿ ಎಲ್ಲಾದರ ಕಾಪಿ) ಬೇಕಂದ್ರ ವೀಮ್ ಏಜೆಂಟಿನ ಫ್ರೀ ಆವೃತ್ತಿ ಐತಿ.

ಖರೇ ಉಳಸೂದು ಆಬ್ಜೆಕ್ಟ್ ಲಾಕ್. ಅಮೆಜಾನ್‌ನ ಕ್ಲೌಡ್ ಸ್ಟೋರೇಜ್ ಎಸ್3 ಮತ್ತ ಅದರಂಥ ಸ್ಟೋರೇಜಿನ್ಯಾಗ 30 ದಿನಕ್ಕ ಲಾಕ್ ಹಾಕಿದ್ರ ಆ ಕಾಪಿ ಆ ಅವಧಿ ಮುಗಿಯೂತನಕ ಅಳಸಾಕ ಬರಂಗಿಲ್ಲ, ಅದರಾಗ ಭಾಳ ಬಿಗಿ ಇರೂ ಕಂಪ್ಲಾಯನ್ಸ್ ಮೋಡ್ ಆದ್ರ ಅಕೌಂಟ್ ಮಾಲಕನೂ ಅಳಸಂಗಿಲ್ಲ. ದಿನದ ಎಣಿಕಿ ಮಾತ್ರ ಎರಡು ಸಲ ನೋಡಿ ಹಾಕು, 30ರ ಮುಂದ ಎರಡು ಸೊನ್ನಿ ಜಾಸ್ತಿ ಬಿದ್ರ ಎಂಟು ವರ್ಷ ಬಿಲ್ ಕಟ್ಟಬೇಕಾಗ್ತೈತಿ. ಸರ್ವರಿಗೂ ಬ್ಯಾಕಪ್ ಅಕೌಂಟಿಗೂ ಒಂದ ಪಾಸ್‌ವರ್ಡ್ ಇಡಬ್ಯಾಡ, ಬ್ಯಾಕಪ್ ಅಕೌಂಟಿಗೆ ಓಟಿಪಿ ಆಪ್ ಕೂಡಿಸು. ಆಬ್ಜೆಕ್ಟ್ ಲಾಕಿಗೂ ರೊಕ್ಕ ಇಲ್ಲ ಅನ್ನೂ ಅಡತಿ ಅಂಗಡಿಯವ್ರಿಗೆ ಎರಡು ಹಾರ್ಡ್ ಡಿಸ್ಕ್ ಕೊಡಸು, ವಾರ ವಾರ ಅದಲು ಬದಲು, ಒಂದು ಯಾವಾಗ್ಲೂ ವಾಯರ್ ಕಿತ್ತು ಮನ್ಯಾಗ.

ರೆಸ್ಟಿಕ್ ಪಾಸ್‌ವರ್ಡ್ ಕಳದ್ರ ಡೇಟಾ ಯಾರಿಂದೂ ತೆರಿಯಾಕ ಆಗಂಗಿಲ್ಲ, ನಿನ್ನ ಫೋನಿನ್ಯಾಗಷ್ಟ ಇಟ್ಟು ನಿನಗ ಏನರ ಆತು ಅಂದ್ರ ಆ ಸಂಘದ ಕತಿ? ಅದಕ್ಕ ಲಕೋಟಿಯೊಳಗ ಬರದು ಸೀಲ್ ಹಾಕಿ ಒಂದು ಕಾರ್ಯದರ್ಶಿ ಕಡಿ, ಒಂದು ಅವ್ರ ಬ್ಯಾಂಕ್ ಲಾಕರಿನ್ಯಾಗ ಇಡಸು.

ಇನ್ನ ಮೂರು ತಿಂಗಳಿಗೊಮ್ಮೆ ಬ್ಯಾರೆ ಒಂದು ಪಿಸಿ ಮ್ಯಾಲ ಸಾಫ್ಟ್‌ವೇರ್ ಹಾಕಿ, ಹೊರಗಿನ ಕಾಪಿ ಇಳಿಸಿ, ರಿಸ್ಟೋರ್ ಮಾಡಿ ತೋರಿಸು. ಬ್ಯಾಕಪ್ ಸಕ್ಸೆಸ್‌ಫುಲ್ ಅಂತ ಬರೂ ಹಸರ ಮೆಸೇಜ್ ನಂಬಬ್ಯಾಡ, ಅದು ಫೈಲ್ ಹೋಗೈತಿ ಅಂತ ಹೇಳ್ತೈತಿ, ಫೈಲ್ ತೆರೀತೈತಿ ಅಂತ ಹೇಳಂಗಿಲ್ಲ. ಆ ದಿನದ ಛಾಪಿಸಿದ ರೋಜ್‌ಕೀರ್ದಿ ಪಕ್ಕದಾಗ ಇಟ್ಕೊಂಡು ರಿಸ್ಟೋರ್ ಆದ ಡೇಟಾದ ಕ್ಯಾಶ್ ಬ್ಯಾಲೆನ್ಸು, ತೇರೀಜು ತಾಳಿ ನೋಡು, ಕಾರ್ಯದರ್ಶಿ ಸಹಿ ತಗೋ, ಶುರು ಮಾಡಿದ್ದು ಎಷ್ಟೊತ್ತಿಗೆ ಕೌಂಟರ್ ನಡಿಯೂ ಹಂತಕ್ಕ ಬಂದದ್ದು ಎಷ್ಟೊತ್ತಿಗೆ ಅಂತ ಬರದಿಡು. ಈ ಕೆಲಸಕ್ಕ ಬಿಲ್ ಮಾಡು. ಎಎಂಸಿ (ವರ್ಷದ ದುರಸ್ತಿ ಕರಾರು) ಒಳಗ ಫುಕಟ್ ಸೇರಿಸಿದ್ರ ಎರಡನೇ ಸಲಕ್ಕ ನೀನ ಮಾಡಂಗಿಲ್ಲ.

ಪ್ರಶ್ನೆ: ಹೋಸ್ಟಿಂಗ್ ಕಂಪನಿ 99.9% ಅಪ್‌ಟೈಮ್ (ಸರ್ವರ್ ಚಾಲೂ ಇರೂ ಹೊತ್ತು) ಗ್ಯಾರಂಟಿ ಅಂತೈತಿ, ಛಲೋ ಅಲ್ರಿ? ಬೈಲಹೊಂಗಲ

ಉತ್ತರ: ಆ ಲೆಕ್ಕಕ್ಕ ವರ್ಷಕ್ಕ ಎಂಟೂಮುಕ್ಕಾಲು ತಾಸು ಬಂದ್ ಇದ್ರೂ ಅವ್ರು ಮಾತು ತಪ್ಪಿದಂಗಲ್ಲ. ಸಣ್ಣ ಸಂಸ್ಥೆಗೆ ನಡೀತೈತಿ. ಗ್ಯಾರಂಟಿ ಮೀರಿದ್ರ ಕೊಡೂದು ಹೆಚ್ಚಾಗಿ ಬಿಲ್ಲಿನ್ಯಾಗ ಸ್ವಲ್ಪ ಸೂಟು ಅಷ್ಟ, ಹೋದ ಡೇಟಾಕ್ಕ ಪರಿಹಾರ ಅಲ್ಲ. ಫೋನಿನ್ಯಾಗ ಮನಷ್ಯಾ ಮಾತಾಡ್ತಾನೋ ಇಲ್ಲೋ ಅಂತ ಖರೀದಿ ಮಾಡೂ ಮೊದಲ ಐತವಾರ ರಾತ್ರಿ ಒಮ್ಮೆ ಫೋನ್ ಹಚ್ಚಿ ನೋಡ್ರಿ.

ಪ್ರಶ್ನೆ: ನೇಕಾರರ ಸಂಘ ನಮ್ಮದು, ಡೇಟಾ ಎಲ್ಲಾ ಕೂಡಿ 200 ಜಿಬಿ ಆಗೂದಿಲ್ಲ. ಹೊರಗ ಒಂದು ಕಾಪಿ ಇಡಾಕ ತಿಂಗಳಿಗೆ ಎಷ್ಟು ಬರ್ತೈತಿ, ಬಜೆಟ್‌ನ್ಯಾಗ ಬರೀಬೇಕು. ರಬಕವಿ-ಬನಹಟ್ಟಿ

ಉತ್ತರ: ಉದಾಹರಣಿಗೆ ಅಮೆಜಾನ್‌ನ ಮುಂಬೈ ರೀಜನ್ನಿನ್ಯಾಗ ಸಾದಾ ಎಸ್3 ದರ ತಿಂಗಳಿಗೆ ಒಂದು ಜಿಬಿಗೆ ಎರಡೂವರೆ ಅಮೆರಿಕನ್ ಸೆಂಟ್, 200 ಜಿಬಿಗೆ 5 ಡಾಲರ್ ಆತು, ಅಂದ್ರ ನಾನೂರು ರೂಪಾಯಿ ಮ್ಯಾಲ ಸ್ವಲ್ಪ, ಅದರ ಮ್ಯಾಲ 18% ಜಿಎಸ್‌ಟಿ. ಹಳೇ ಆವೃತ್ತಿ ಇಡೂದಕ್ಕ ಜಾಗಾ ಬೇಕು, ಹಂಗಾಗಿ ಎರಡು ಪಟ್ಟು ಹಿಡೀರಿ. ಪೂರ್ತಿ ವಾಪಸ್ ಇಳಿಸೂ ಪ್ರಸಂಗ ಬಂದ್ರ ತಿಂಗಳಿಗೆ ಮೊದಲ 100 ಜಿಬಿ ಬಿಟ್ಟು ಮುಂದಿನ ಪ್ರತಿ ಜಿಬಿಗೆ ಸುಮಾರು 11 ಸೆಂಟ್ ಬೀಳ್ತೈತಿ, ಅದನ್ನ ವರ್ಷಕ್ಕೊಂದು ಸಲ ಅಂತ ಬಜೆಟ್‌ನ್ಯಾಗ ಬ್ಯಾರೆ ಸಾಲಿನ್ಯಾಗ ಹಾಕ್ರಿ. ದರ ಬದಲಾಗ್ತಿರ್ತಾವ, ಠರಾವು ಬರಿಯೂಮುಂದ ಕಂಪನಿ ಪೇಜ್ ಒಮ್ಮೆ ತೆರದು ನೋಡ್ರಿ. ಡಾಲರ್ ದರ, ಕ್ರೆಡಿಟ್ ಕಾರ್ಡ್ ಇವೆಲ್ಲಾ ಸಂಘಕ್ಕ ತ್ರಾಸು ಅನಿಸಿದ್ರ ರೂಪಾಯಿಯೊಳಗ ದರ ಹೇಳೂ ಭಾರತದ ಹೋಸ್ಟಿಂಗ್ ಕಂಪನಿ ಅದಾವ, ಜಿಬಿ ದರ ಸ್ವಲ್ಪ ಹೆಚ್ಚು ಇದ್ರೂ ಆಡಿಟಿಗೆ ಸಲೀಸು. ಕಾರ್ಡ್ ಯಾರದರ ಡೈರೆಕ್ಟ್ರ ಸ್ವಂತದ್ದು ಮಾತ್ರ ಹಚ್ಚಬ್ಯಾಡ್ರಿ, ಮುಂದಿನ ಚುನಾವಣಿಯೊಳಗ ಅವ್ರು ಸೋತ್ರ ಕಾರ್ಡ್ ಬಂದ್ ಆಗ್ತೈತಿ, ಬಿಲ್ ಬಾಕಿ ಉಳದು ಅಕೌಂಟೂ ಬಂದ್ ಆಗ್ತೈತಿ.